ಕಡಲಮಟ್ಟದಿಂದ ಘಟ್ಟದ ನೆತ್ತಿಗೆ: ಕಡಿಮೆ ದುಡ್ಡಿನ ಸೈಕಲ್ಲು, ನಿಯಮದ ತಾಲೀಮು

ಹೊನ್ನಾವರದಲ್ಲಿ ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುತ್ತವೆ. ಪನವೇಲಿನಿಂದ ಕನ್ಯಾಕುಮಾರಿಯವರೆಗೆ ಕಡಲಂಚಿನಲ್ಲೇ ಸಾಗುವ 66ನೇ ಹೆದ್ದಾರಿ ಊರನ್ನು ಉತ್ತರ ದಕ್ಷಿಣವಾಗಿ ಹಾಯುತ್ತದೆ. 69ನೇ ಹೆದ್ದಾರಿ ಅಲ್ಲಿಂದಲೇ ಹೊರಟು ಶರಾವತಿಯ ಬಲದಂಡೆ ಹಿಡಿದು ಗೇರುಸೊಪ್ಪೆಗೆ ಹೋಗಿ, ಘಟ್ಟ ಹತ್ತಿ ಜೋಗದ ಹಾದಿಯಾಗಿ ಸಾಗರ, ಶಿವಮೊಗ್ಗದ ಕಡೆ ತಿರುಗುತ್ತದೆ. ಮೊದಲನೆಯದರಲ್ಲಿ ಗಂಟೆಗಟ್ಟಲೆ ಒಂದೇ ಲಯದಲ್ಲಿ ಪೆಡಲ್ ತುಳಿಯಬಹುದು. ಎರಡನೆಯದು ಸುಮಾರು 500 ಮೀಟರ್ ಮೇಲಕ್ಕೇರಿಸುತ್ತದೆ. ಒಬ್ಬ ರಸ್ತೆ ಸೈಕ್ಲಿಸ್ಟಿಗೆ ಬೇಕಾದ ಎರಡೂ ಬಗೆಯ ಹಾದಿ ಒಂದೇ ವೃತ್ತದಿಂದ ಶುರುವಾಗುತ್ತವೆ.

ಕುಮಟಾದವರಿಗೂ ಭಟ್ಕಳದವರಿಗೂ ಇದೇ ಭಾಗ್ಯವಿದೆ. ಕುಮಟಾದಿಂದ ಕತಗಾಲ ದಾಟಿದರೆ ಶಿರಸಿ ರಸ್ತೆಯ ದೇವಿಮನೆ ಘಟ್ಟ. ಭಟ್ಕಳದಿಂದ ಒಳನಾಡಿಗೆ ತಿರುಗಿದರೆ ಸಾಗರದ ಕಡೆ ಹೋಗುವ ಕೋಗಾರ ಘಟ್ಟ. ಯುರೋಪಿನ ವೃತ್ತಿಪರ ತಂಡಗಳು ಚಳಿಗಾಲ ಕಳೆಯಲು ಹುಡುಕಿಕೊಂಡು ಹೋಗುವ ಸ್ಪೇನಿನ ಕರಾವಳಿಯ ಊರುಗಳ ಮುಖ್ಯ ಆಕರ್ಷಣೆಯೂ ಇದೇ: ಪಕ್ಕದಲ್ಲಿ ಸಮುದ್ರ, ಬೆನ್ನಿಗೆ ಬೆಟ್ಟ, ನಡುವೆ ಒಳ್ಳೆಯ ರಸ್ತೆ.

ಆದರೂ ಈ ಮೂರು ತಾಲ್ಲೂಕುಗಳ ಹುಡುಗ ಹುಡುಗಿಯರಲ್ಲಿ ರೇಸ್ ಸೈಕಲ್ಲಿನ ಆಸೆ ಹುಟ್ಟಿದರೆ ಮೊದಲು ಎದುರಾಗುವುದು ಬೆಲೆಯ ಚೀಟಿ. ಕಾರ್ಬನ್ ಚೌಕಟ್ಟಿನ ಸೈಕಲ್ಲಿಗೆ ಲಕ್ಷಗಟ್ಟಲೆ ರೂಪಾಯಿ. ತುಳಿತದ ಬಲ ಅಳೆಯುವ ಪವರ್ ಮೀಟರಿಗೆ ಮತ್ತೆ ಹತ್ತಾರು ಸಾವಿರ. ಅಲ್ಲಿಗೇ ಆಸೆ ಮುದುಡಬೇಕಾಗಿಲ್ಲ. ಈ ಕರಾವಳಿಯಲ್ಲಿ ಕಡಿಮೆ ದುಡ್ಡಿನ ಸೈಕ್ಲಿಸ್ಟ್ ನೆನಪಿಡಬೇಕಾದ್ದು ಇಷ್ಟು: ಊರಿನಲ್ಲೇ ರಿಪೇರಿಯಾಗುವ, ಮೈಗೆ ಹೊಂದುವ ಸೈಕಲ್ಲಿಗೆ ಹಣ ಹಾಕಬೇಕು, ದುಬಾರಿ ಉಪಕರಣಗಳು ಮಾಡುವ ಕೆಲಸದ ಬಹುಪಾಲನ್ನು ಘಟ್ಟಕ್ಕೆ ಒಪ್ಪಿಸಬೇಕು.

ಒಂದೂವರೆ ನಿಮಿಷವೋ, ಹತ್ತು ನಿಮಿಷವೋ

ಹಗುರವಾದ ಸೈಕಲ್ ಎಷ್ಟು ಲಾಭ ಕೊಡುತ್ತದೆ ಎಂಬುದನ್ನು ಹೈಸ್ಕೂಲಿನ ಭೌತಶಾಸ್ತ್ರವೇ ಹೇಳುತ್ತದೆ. ಸವಾರ 60 ಕಿಲೊ, ಸೈಕಲ್ 11, ನೀರು ಮತ್ತು ಸಾಮಾನು 4, ಒಟ್ಟು 75 ಕಿಲೊ ಎಂದಿಟ್ಟುಕೊಳ್ಳಿ. ಇಷ್ಟು ಭಾರವನ್ನು 500 ಮೀಟರ್ ಮೇಲಕ್ಕೆ ಒಂದು ಗಂಟೆಯಲ್ಲಿ ಸಾಗಿಸಲು ಗುರುತ್ವಾಕರ್ಷಣೆಯ ಎದುರು ಸರಾಸರಿ 102 ವ್ಯಾಟ್ ಬಲ ಬೇಕು. ಟಯರಿನ ಉರುಳು ತಡೆ ಮತ್ತು ಗಾಳಿಯ ತಡೆ ಸೇರಿದರೆ ಇನ್ನೂ ಸ್ವಲ್ಪ ಹೆಚ್ಚು. ಈಗ 11 ಕಿಲೊದ ಸೈಕಲ್ ಬಿಟ್ಟು 9 ಕಿಲೊದ್ದನ್ನು ತಂದರೆ, ಅದೇ ಬಲದಲ್ಲಿ ಉಳಿಯುವ ಸಮಯ ಸುಮಾರು ಒಂದೂವರೆ ನಿಮಿಷ. ಆ 2 ಕಿಲೊ ಇಳಿಸಲು ಅಂಗಡಿಯಲ್ಲಿ ತೆರಬೇಕಾದ್ದು ಅರ್ಧ ಲಕ್ಷಕ್ಕಿಂತ ಮೇಲಾದೀತು.

ಅದೇ ಸವಾರ ಕ್ರಮವಾಗಿ ತಾಲೀಮು ಮಾಡಿ ಘಟ್ಟವನ್ನು 50 ನಿಮಿಷದಲ್ಲಿ ಹತ್ತುವಂತಾದರೆ ಅವನ ಬಲ 102ರಿಂದ 122 ವ್ಯಾಟಿಗೆ ಏರಿದೆ ಎಂದರ್ಥ. ಹೊಸದಾಗಿ ಶುರುಮಾಡಿದವರಿಗೆ ಕೆಲವು ತಿಂಗಳ ದುಡಿಮೆಯಲ್ಲಿ ಇದು ಕೈಗೆಟುಕುವ ಗುರಿ. ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 2000ದಿಂದ ರೇಸ್ ಸೈಕಲ್ 6.8 ಕಿಲೊಗಿಂತ ಹಗುರವಿರಕೂಡದು ಎಂಬ ನಿಯಮ ಇಟ್ಟಿದೆ. ವಿಶ್ವದ ಅಗ್ರ ಸವಾರರೂ ಆ ಗೆರೆಯ ಕೆಳಗೆ ಹೋಗುವಂತಿಲ್ಲ. ಅವರ ಸೈಕಲ್ಲಿಗೂ ಸಾಧಾರಣ 11 ಕಿಲೊದ ಸೈಕಲ್ಲಿಗೂ ಇರುವ ಅಂತರ ನಾಲ್ಕು ಕಿಲೊ ಮಾತ್ರ.

ಕೈಯಿಂದ ಕಟ್ಟಿದ ಸೈಕಲ್ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಸ್ಕಾಟ್ಲೆಂಡಿನ ಗ್ರೇಮ್ ಓಬ್ರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಸಾಲದಲ್ಲಿದ್ದ ಆತ ತನ್ನ ಸೈಕಲ್ಲನ್ನು ತಾನೇ ಬೆಸೆದು ಕಟ್ಟಿದ. ಅದರ ಬೇರಿಂಗನ್ನು ಹಳೆಯ ವಾಷಿಂಗ್ ಮಷಿನ್ನಿನಿಂದ ಬಿಚ್ಚಿ ತೆಗೆದಿದ್ದ. 1993ರ ಜುಲೈ 16ರಂದು ನಾರ್ವೆಯ ಹಾಮರ್‌ನಲ್ಲಿ, ಬೇರೊಬ್ಬರು ಅದೇ ಮಾದರಿಯಲ್ಲಿ ನಾಜೂಕಾಗಿ ತಯಾರಿಸಿಕೊಟ್ಟ ಸೈಕಲ್ ಏರಿ ಒಂದು ಗಂಟೆಯ ವಿಶ್ವದಾಖಲೆಗೆ ಯತ್ನಿಸಿ ಸೋತ. ಮರುದಿನ ಬೆಳಿಗ್ಗೆಯೇ ತನ್ನ ಹಳೆಯ ಸೈಕಲ್ಲನ್ನು ಟ್ರ್ಯಾಕಿಗೆ ತಂದು, ಗಂಟೆಯಲ್ಲಿ 51.596 ಕಿ.ಮೀ. ಸಾಗಿ ದಾಖಲೆ ಮುರಿದ. ಆ ಸೈಕಲ್ಲಿಗೆ ಅವನ ಮೈಯ ಅಳತೆ ಗೊತ್ತಿತ್ತು, ಅವನಿಗೆ ಅದರ ಪ್ರತಿ ಬೋಲ್ಟಿನ ಪರಿಚಯವಿತ್ತು.

ಮೊದಲು ಮೈಯಳತೆ

ಸೀಟಿನ ಎತ್ತರ ತಪ್ಪಿದ್ದರೆ ಎಷ್ಟು ಬೆಲೆಯ ಸೈಕಲ್ಲಾದರೂ ಮಂಡಿ ನೋಯಿಸುತ್ತದೆ. ಬರಿಗಾಲಲ್ಲಿ ಗೋಡೆಗೊರಗಿ ನಿಂತು, ತೊಡೆಸಂದಿಗೆ ಒಂದು ದಪ್ಪ ಪುಸ್ತಕವನ್ನು ಒತ್ತಿ ಹಿಡಿದು, ಅದರ ಮೇಲಂಚಿನಿಂದ ನೆಲಕ್ಕೆ ಎಷ್ಟಿದೆ ಎಂದು ಅಳೆಯಬೇಕು. ಅದನ್ನು 0.883ರಿಂದ ಗುಣಿಸಿದರೆ ಪೆಡಲ್ ತಿರುಗುವ ಅಚ್ಚಿನ ನಡುಬಿಂದುವಿನಿಂದ ಸೀಟಿನ ಮೇಲ್ಭಾಗದವರೆಗೆ ಇರಬೇಕಾದ ಅಂತರ ಸಿಗುತ್ತದೆ. ಕಾಲಿನ ಅಳತೆ 80 ಸೆಂ.ಮೀ. ಇದ್ದವರಿಗೆ ಇದು 70.6 ಸೆಂ.ಮೀ. ಇನ್ನೂ ಸುಲಭದ ಪರೀಕ್ಷೆಯೆಂದರೆ ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಪೆಡಲಿನ ಮೇಲಿಡುವುದು: ಪೆಡಲ್ ಪೂರಾ ಕೆಳಗಿದ್ದಾಗ ಮಂಡಿ ನೆಟ್ಟಗಾಗಬೇಕು, ಸೊಂಟ ವಾಲಬಾರದು. ಎರಡೂ ಲೆಕ್ಕ ಆರಂಭಕ್ಕೆ ಮಾತ್ರ. ಆಮೇಲೆ ಕೆಲವು ಮಿಲಿಮೀಟರ್ ಆಚೀಚೆ ಮಾಡಿ ಹೊಂದಿಸಿಕೊಳ್ಳುವುದು ಸವಾರನ ಕೆಲಸ.

ಚೌಕಟ್ಟಿನ ಉದ್ದ ಮಾತ್ರ ಹೀಗೆ ತಿದ್ದಲು ಬರುವುದಿಲ್ಲ. ಹ್ಯಾಂಡಲ್ ಹಿಡಿಯಲು ಕೈ ಚಾಚಿ ಚಾಚಿ ಭುಜ ಬಿಗಿಯುವಂತಿದ್ದರೆ ಅರ್ಧ ಬೆಲೆಗೆ ಸಿಕ್ಕರೂ ಆ ಸೈಕಲ್ ಬೇಡ.

ಟಯರಿನ ಮೇಲೆ ಅಚ್ಚಾದ ಅಂಕಿ

ಹಳೆಯ ಸೈಕಲ್ಲಿಗೆ ಹೊಸ ಭಾಗ ಕೂಡಿಸಲು ಹೊರಟವರು ಮೊದಲು ಎಡವುವುದು ಚಕ್ರದಲ್ಲಿ. ಅಜ್ಜನ ಕಾಲದಿಂದ ಮನೆಯಲ್ಲಿರುವ ಕಪ್ಪು ಸೈಕಲ್ಲಿನ 28 ಇಂಚಿನ ಚಕ್ರಕ್ಕೂ ರೇಸ್ ಸೈಕಲ್ಲಿನ 700 ಸಿ ಚಕ್ರಕ್ಕೂ ನೋಡಲು ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಟಯರ್ ಕೂರುವ ರಿಮ್ಮಿನ ವ್ಯಾಸ ಮೊದಲನೆಯದರಲ್ಲಿ 635 ಮಿ.ಮೀ., ಎರಡನೆಯದರಲ್ಲಿ 622. ಒಂದರ ಟಯರ್ ಇನ್ನೊಂದಕ್ಕೆ ಆಗದು. ಟಯರಿನ ಪಕ್ಕದಲ್ಲಿ 28-622, 40-635 ಎಂಬಂತೆ ಅಂಕಿ ಅಚ್ಚಾಗಿರುತ್ತದೆ. ಮೊದಲ ಅಂಕಿ ಅಗಲ, ಎರಡನೆಯದು ವ್ಯಾಸ. ಹಳೇ ಸಾಮಾನು ಕೊಳ್ಳುವ ಮುನ್ನ ಓದಬೇಕಾದ್ದು ಈ ಎರಡನೆಯ ಅಂಕಿಯನ್ನು.

ಸರಳಿನ ಬ್ರೇಕ್ ಇರುವ ಆ ಕಪ್ಪು ಸೈಕಲ್ 20 ಕಿಲೊ ಆಸುಪಾಸು ತೂಗುತ್ತದೆ. ಅದನ್ನು ರೇಸ್ ಸೈಕಲ್ ಮಾಡುವ ಹಟಕ್ಕೆ ಬಿದ್ದರೆ ರಿಮ್, ಹಬ್, ಬ್ರೇಕ್, ಪೆಡಲಿನ ಅಚ್ಚು ಎಲ್ಲವನ್ನೂ ಬದಲಿಸಬೇಕಾಗುತ್ತದೆ. ಬಜೆಟ್ಟಿಗೆ ಹೊಂದುವ ತಳಪಾಯ ಬೇರೆಯೇ ಇದೆ. ಮೂರ್ನಾಲ್ಕು ವರ್ಷ ಬಳಸಿ ಯಾರೋ ಮೂಲೆಗಿಟ್ಟ, 700 ಸಿ ಚಕ್ರವಿರುವ ಅಲ್ಯೂಮಿನಿಯಂ ಹೈಬ್ರಿಡ್ ಸೈಕಲ್ ಅದು. ಕೊಳ್ಳುವಾಗ ಚೌಕಟ್ಟಿನ ಬೆಸುಗೆಯ ಸುತ್ತ ಬಿರುಕಿದೆಯೇ, ಸೀಟಿನ ಕಂಬ ಮೇಲೆ ಕೆಳಗೆ ಸರಿಯುತ್ತದೆಯೇ, ಚಕ್ರ ತಿರುಗಿಸಿದರೆ ಬೆಂಡಿದೆಯೇ, ಪೆಡಲಿನ ಕೈ ಅಲುಗುತ್ತದೆಯೇ ಎಂದು ಪರೀಕ್ಷಿಸಬೇಕು. ಕೆಳಗಿನ ಬೇರಿಂಗಿನ ಕೊಳವೆಗೆ ತಿರುಪು ಇದ್ದರೆ ಒಳ್ಳೆಯದು. ಬರ್ಮಿಂಗ್‌ಹ್ಯಾಮಿನ ಬಿಎಸ್‌ಎ ಕಂಪನಿ ರೂಢಿಗೆ ತಂದ ಆ ತಿರುಪಿನ ಅಳತೆ ಇಂದಿಗೂ ಲೋಕಮಾನ್ಯ; ಬದಲಿ ಭಾಗ ಸುಲಭವಾಗಿ ಸಿಗುತ್ತದೆ. ಒತ್ತಿ ಕೂರಿಸುವ ಹೊಸ ಮಾದರಿಗಳಿಗೆ ಬೇರೆ ಸಲಕರಣೆಯೇ ಬೇಕು.

ಒಂದು ಅಂದಾಜು ಲೆಕ್ಕ ಹೀಗಿರಬಹುದು. ಹಳೆಯ ಹೈಬ್ರಿಡ್ಡಿಗೆ 12 ಸಾವಿರ. 28ರಿಂದ 32 ಮಿ.ಮೀ. ಅಗಲದ ಒಂದು ಜೊತೆ ಒಳ್ಳೆಯ ಟಯರ್ ಮತ್ತು ಟ್ಯೂಬಿಗೆ 4 ಸಾವಿರ. 8 ಗೇರಿನ ಹೊಸ ಹಲ್ಲುಗಾಲಿ ಕಟ್ಟು ಮತ್ತು ಚೈನಿಗೆ 3 ಸಾವಿರ. ಕೇಬಲ್, ಬ್ರೇಕ್ ರಬ್ಬರ್, ಬೇರಿಂಗ್, ಕೂಲಿಗೆ 2 ಸಾವಿರ. ಹೆಲ್ಮೆಟ್ ಮತ್ತು ಮುಂದೆ ಹಿಂದೆ ದೀಪಕ್ಕೆ ಮೂರೂವರೆ ಸಾವಿರ. ಪಂಪು, ಪಂಚರ್ ಸಾಮಾನು, ಅಲನ್ ಕೀ ಕಟ್ಟಿಗೆ ಎರಡೂವರೆ ಸಾವಿರ. ಮೆತ್ತೆಯ ಚಡ್ಡಿಗೆ 1 ಸಾವಿರ. ಒಟ್ಟು 28 ಸಾವಿರ ರೂಪಾಯಿ. ಬೆಲೆ ಊರಿಂದೂರಿಗೆ ಹೆಚ್ಚು ಕಡಿಮೆಯಾದೀತು, ಆದರೆ ಹಂಚಿಕೆಯ ಪ್ರಮಾಣ ಹೀಗಿದ್ದರೆ ಸರಿ. ಟಯರಿಗೆ ಕೊಟ್ಟ ಹಣದಷ್ಟು ವೇಗ ಮತ್ತು ಭದ್ರತೆಯನ್ನು ಬೇರೆ ಯಾವ ಭಾಗಕ್ಕೆ ಕೊಟ್ಟ ಹಣವೂ ತರುವುದಿಲ್ಲ.

ನೇರ ಹ್ಯಾಂಡಲ್ ತೆಗೆದು ಬಾಗಿದ ಹ್ಯಾಂಡಲ್ ಹಾಕುವ ಆಸೆ ಬಹಳ ಜನರಿಗಿರುತ್ತದೆ. ಅದರ ಜೊತೆಗೆ ಗೇರ್ ಮತ್ತು ಬ್ರೇಕ್ ಎರಡನ್ನೂ ನಡೆಸುವ ಹಿಡಿಕೆಗಳು ಬೇಕು. ಅವೇ ದುಬಾರಿ, ಹಳೆಯ ಬ್ರೇಕಿಗೆ ಹೊಂದದೆಯೂ ಇರಬಹುದು. ಮೊದಲ ವರ್ಷ ನೇರ ಹ್ಯಾಂಡಲ್ಲೇ ಸಾಕು. ಮೊಣಕೈ ಮಡಚಿ, ತಲೆ ತಗ್ಗಿಸಿ, ಮೈಗಂಟುವ ಅಂಗಿ ತೊಟ್ಟರೆ ಗಾಳಿಯ ತಡೆ ಪುಕ್ಕಟೆಯಾಗಿ ಕಡಿಮೆಯಾಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 25 ಕಿ.ಮೀ. ದಾಟಿದ ಮೇಲೆ ಸವಾರನ ಶ್ರಮದ ಹೆಚ್ಚಿನ ಪಾಲು ಗಾಳಿಯನ್ನು ಸೀಳಲಿಕ್ಕೇ ಹೋಗುತ್ತದೆ.

ಗೇರಿನಲ್ಲಿ ಮಾತ್ರ ಜಿಪುಣತನ ಸಲ್ಲದು. ಗೇರಿಲ್ಲದ ಸಾಮಾನ್ಯ ಸೈಕಲ್ಲಿನಲ್ಲಿ ಮುಂದೆ 44 ಹಲ್ಲು, ಹಿಂದೆ 18 ಇದ್ದರೆ ಪೆಡಲಿನ ಒಂದು ಸುತ್ತಿಗೆ ಸುಮಾರು 5.4 ಮೀಟರ್ ಸಾಗುತ್ತದೆ. ಘಟ್ಟದಲ್ಲಿ ಗಂಟೆಗೆ 9 ಕಿ.ಮೀ. ವೇಗದಲ್ಲಿ ಹತ್ತುವಾಗ ನಿಮಿಷಕ್ಕೆ 28 ಸುತ್ತು. ಪ್ರತಿ ಸುತ್ತಿನಲ್ಲೂ ಮಂಡಿಯ ಮೇಲೆ ಇಡೀ ಮೈಭಾರ. ಮುಂದೆ 34, ಹಿಂದೆ 32 ಹಲ್ಲಿದ್ದರೆ ಅದೇ ವೇಗಕ್ಕೆ ನಿಮಿಷಕ್ಕೆ ಸುಮಾರು 67 ಸುತ್ತು. ಉಸಿರು ಏರುತ್ತದೆ, ಮಂಡಿ ಉಳಿಯುತ್ತದೆ. ಟೂರ್ ಡಿ ಫ್ರಾನ್ಸ್ 1903ರಲ್ಲಿ ಶುರುವಾದರೂ ಇಂದಿನ ಬಗೆಯ ಗೇರ್ ಬದಲಾವಣೆಗೆ ಅಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಲ್ಲಿಯವರೆಗೆ ಸವಾರರು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ ತಿರುಗಿಸಿ ಹಾಕಿ ಮತ್ತೆ ಹತ್ತುತ್ತಿದ್ದರು.

ಉಪ್ಪು ಮತ್ತು ಕೆಂಪುಮಣ್ಣು

ಕರಾವಳಿಯ ಸೈಕಲ್ಲಿಗೆ ಬಯಲುಸೀಮೆಯ ಸೈಕಲ್ಲಿಗಿಲ್ಲದ ಇಬ್ಬರು ಶತ್ರುಗಳಿದ್ದಾರೆ. ಕಡಲ ಗಾಳಿಯ ಉಪ್ಪು ಚೈನಿನ ಕೊಂಡಿಗಳಲ್ಲಿ, ಸ್ಪೋಕಿನ ತುದಿಗಳಲ್ಲಿ, ಕೇಬಲಿನ ಒಳಗೆ ಕೂತು ತುಕ್ಕು ಹಿಡಿಸುತ್ತದೆ. ಮಳೆಗಾಲದ ಕೆಂಪು ರಾಡಿ ಬ್ರೇಕ್ ರಬ್ಬರಿಗೂ ರಿಮ್ಮಿಗೂ ನಡುವೆ ಸಿಕ್ಕಿ ಎರಡನ್ನೂ ಸವೆಸುತ್ತದೆ. ವರ್ಷಕ್ಕೆ 3,000 ಮಿ.ಮೀ.ಗಿಂತ ಹೆಚ್ಚು ಮಳೆ ಬೀಳುವ ಈ ನಾಡಿನಲ್ಲಿ ತಂತಿಯಿಂದ ನಡೆಯುವ ಡಿಸ್ಕ್ ಬ್ರೇಕ್ ಇರುವ ಸೈಕಲ್ ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಉಕ್ಕಿನ ಚೌಕಟ್ಟು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಸೀಟಿನ ಕಂಬ ಹೊರಗೆಳೆದು, ಸೈಕಲ್ಲನ್ನು ಬೋರಲಾಗಿ ನಿಲ್ಲಿಸಿ ನೀರಿಳಿಸಿ, ಕಂಬಕ್ಕೆ ಗ್ರೀಸ್ ಸವರಿ ಮತ್ತೆ ಹಾಕಬೇಕು. ಉಕ್ಕಿನ ಚೌಕಟ್ಟಿಗೆ ಅಲ್ಯೂಮಿನಿಯಂ ಕಂಬ ಇದ್ದರೆ ಇದು ಇನ್ನೂ ಅಗತ್ಯ. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ಸೇರಿದರೆ ರಾಸಾಯನಿಕ ಕ್ರಿಯೆ ನಡೆದು ಕಂಬ ಬಿಚ್ಚಲಾಗದಂತೆ ಕಚ್ಚಿಕೊಳ್ಳುತ್ತದೆ. ಕಾಸರಕೋಡಿನ ಕಡಲತೀರಕ್ಕೋ ಮುರ್ಡೇಶ್ವರಕ್ಕೋ ಹೋಗಿ ಬಂದ ದಿನ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಚೈನಿಗೆ ತೆಳುವಾದ ಎಣ್ಣೆ ಬಿಟ್ಟು, ಹೆಚ್ಚಿನದನ್ನು ಬಟ್ಟೆಯಿಂದ ತೆಗೆದುಬಿಡಬೇಕು. ದಪ್ಪ ಎಣ್ಣೆ ಮರಳನ್ನು ಹಿಡಿದಿಟ್ಟುಕೊಳ್ಳುತ್ತದೆ.

ಚೈನ್ ಸವೆದಿದೆಯೇ ಎಂದು ನೋಡಲು ಶಾಲೆಯ ಅಡಿಕೋಲು ಸಾಕು. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ, ಅದನ್ನು ಬಿಟ್ಟು ಎಣಿಸಿದರೆ, 24ನೆಯ ಪಿನ್ನಿಗೆ ಸರಿಯಾಗಿ 12 ಇಂಚು. ಅದು 12 ಇಂಚು ದಾಟಿ ಇಂಚಿನ ಹದಿನಾರನೆಯ ಒಂದು ಭಾಗದಷ್ಟು ಬೆಳೆದಿದ್ದರೆ ಚೈನ್ ಬದಲಿಸಬೇಕು. ಆ ಸಾವಿರ ರೂಪಾಯಿ ಉಳಿಸಲು ಹೋದರೆ ಹಲ್ಲುಗಾಲಿಗಳೂ ಸವೆದು ಖರ್ಚು ಹಲವು ಪಟ್ಟಾಗುತ್ತದೆ.

ಪಂಚರ್ ಹಾಕುವುದು, ಬೇರಿಂಗಿನ ಗುಂಡು ತೊಳೆದು ಗ್ರೀಸ್ ತುಂಬುವುದು, ರಿಮ್ಮಿನ ಬೆಂಡು ತೆಗೆಯುವುದು: ಈ ಮೂರನ್ನೂ ಊರಿನ ಹಳೆಯ ಸೈಕಲ್ ಶಾಪಿನವರ ಪಕ್ಕ ಕೂತೇ ಕಲಿಯಬಹುದು. ಬಾಡಿಗೆ ಸೈಕಲ್ಲಿನ ಕಾಲದಿಂದ ಸ್ಪೋಕ್ ಬಿಗಿಯುತ್ತ ಬಂದವರ ಕೈಗೆ ಯಂತ್ರಕ್ಕಿಂತ ಸೂಕ್ಷ್ಮವಾದ ಅರಿವಿರುತ್ತದೆ. ಅವರಿಗೆ ಸಲ್ಲಬೇಕಾದ ಕೂಲಿ ಕೊಟ್ಟು ಆ ವಿದ್ಯೆಯನ್ನು ಉಳಿಸಿಕೊಳ್ಳುವುದೂ ಈ ಕ್ರೀಡೆಯ ಭಾಗವೇ.

ಘಟ್ಟವೇ ಮೀಟರು

ಪವರ್ ಮೀಟರ್ ಇಲ್ಲದವರಿಗೆ ಗೇರುಸೊಪ್ಪೆ, ದೇವಿಮನೆ, ಕೋಗಾರ ಘಟ್ಟಗಳೇ ಅಳತೆಗೋಲು. ಏರಿನ ಬುಡದಲ್ಲಿ ಒಂದು ಮೈಲಿಗಲ್ಲು, ಮೇಲೆ ಇನ್ನೊಂದು ಗುರುತು, ಕೈಯಲ್ಲಿ ಗಡಿಯಾರ. ಏರಿನಲ್ಲಿ ವೇಗ ಕಡಿಮೆಯಿರುವುದರಿಂದ ಗಾಳಿಯ ಪಾತ್ರ ಕಡಿಮೆ. ಭಾರ ಮತ್ತು ಎತ್ತರ ಬದಲಾಗದಿದ್ದರೆ ಸಮಯವೇ ಸವಾರನ ಬಲವನ್ನು ಹೇಳುತ್ತದೆ. ನಾಲ್ಕು ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ, ವಿಶ್ರಾಂತಿಯ ಮರುದಿನ ಈ ಪರೀಕ್ಷೆ ಮಾಡಿ ಬರೆದಿಟ್ಟರೆ ಮೂರು ತಿಂಗಳಲ್ಲಿ ತಾಲೀಮು ಸರಿದಾರಿಯಲ್ಲಿದೆಯೇ ಎಂಬುದು ಗೊತ್ತಾಗುತ್ತದೆ.

ಉಳಿದ ದಿನಗಳಲ್ಲಿ ಎಷ್ಟು ಜೋರಾಗಿ ತುಳಿಯಬೇಕು? ಹೊಸಬರು ಸಾಮಾನ್ಯವಾಗಿ ದಿನವೂ ಅರೆಜೋರಿನಲ್ಲಿ ತುಳಿದು ಬಳಲುತ್ತಾರೆ. ನಾರ್ವೆಯಲ್ಲಿ ನೆಲೆಸಿರುವ ಸಂಶೋಧಕ ಸ್ಟೀಫನ್ ಸೈಲರ್ ಅಗ್ರ ದರ್ಜೆಯ ಸ್ಕೀ, ದೋಣಿ, ಸೈಕಲ್ ಪಟುಗಳ ಅಭ್ಯಾಸವನ್ನು ಪರಿಶೀಲಿಸಿ ಕಂಡುಕೊಂಡದ್ದು ಬೇರೆ: ಅವರ ಅಭ್ಯಾಸದಲ್ಲಿ ನೂರಕ್ಕೆ ಸುಮಾರು 80 ಪಾಲು ಹಗುರವಾದದ್ದು, ಉಳಿದ 20 ಪಾಲು ಮಾತ್ರ ನಿಜವಾಗಿ ಕಠಿಣವಾದದ್ದು. ಹಗುರ ಎಂದರೆ ಪಕ್ಕದ ಸವಾರನೊಂದಿಗೆ ಪೂರಾ ವಾಕ್ಯದಲ್ಲಿ ಮಾತಾಡಲು ಸಾಧ್ಯವಿರುವ ವೇಗ. ಕಠಿಣ ಎಂದರೆ ಒಂದೆರಡು ಪದಕ್ಕೇ ಉಸಿರು ಕಡಿಯುವ ವೇಗ. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ಶ್ರಮವನ್ನು ಅನುಭವದಿಂದಲೇ ಅಂಕಿಗಿಳಿಸುವ ಕ್ರಮ ರೂಪಿಸಿದ್ದ. ಇಂದಿಗೂ ತರಬೇತುದಾರರು ಅದನ್ನು ಬಳಸುತ್ತಾರೆ. ಒಂದರಿಂದ ಹತ್ತರ ಅಂಕಿಯಲ್ಲಿ ಹಗುರದ ದಿನ 3, ಕಠಿಣದ ದಿನ 8.

ಕೆಲಸಕ್ಕೋ ಕಾಲೇಜಿಗೋ ಹೋಗುವವರಿಗೆ ವಾರಕ್ಕೆ ನಾಲ್ಕು ದಿನ ಸಾಕು. ಮಂಗಳವಾರ ಒಂದು ಗಂಟೆಯೊಳಗೆ ಎಂಟು ನಿಮಿಷದ ಕಠಿಣ ತುಳಿತ ನಾಲ್ಕು ಸಲ, ನಡುನಡುವೆ ನಾಲ್ಕು ನಿಮಿಷ ಹಗುರ. ಗುರುವಾರ ಹೊನ್ನಾವರದಿಂದ ಕುಮಟಾಕ್ಕೆ ಹೋಗಿ ಬರುವ 40 ಕಿ.ಮೀ., ನಿಮಿಷಕ್ಕೆ 85ರಿಂದ 90 ಸುತ್ತಿನ ಲಯದಲ್ಲಿ, ಹಗುರ. ಶನಿವಾರ ಒಂದು ಗಂಟೆ ಇನ್ನೂ ಹಗುರ. ಭಾನುವಾರ ಉದ್ದದ ಸವಾರಿ: ಮೊದಲ ವಾರ ಎರಡು ಗಂಟೆ, ಮುಂದೆ ವಾರಕ್ಕೆ ಹದಿನೈದು ಇಪ್ಪತ್ತು ನಿಮಿಷ ಹೆಚ್ಚಿಸುತ್ತ ನಾಲ್ಕು ಗಂಟೆಗೆ. ಪ್ರತಿ ನಾಲ್ಕನೆಯ ವಾರ ಎಲ್ಲವನ್ನೂ ಅರ್ಧಕ್ಕಿಳಿಸಬೇಕು, ಏಕೆಂದರೆ ಸ್ನಾಯು ಬಲಿಯುವುದು ವಿಶ್ರಾಂತಿಯಲ್ಲಿ.

ಮೊದಲ ಎರಡು ಮೂರು ತಿಂಗಳ ಈ ಹಗುರ ಸವಾರಿಗೆ ಗೇರ್ ಸೈಕಲ್ಲೇ ಬೇಕೆಂದಿಲ್ಲ. ರಾಜ್ಯ ಸರ್ಕಾರ 2006–07ರಲ್ಲಿ ಆರಂಭಿಸಿದ ಯೋಜನೆಯಲ್ಲಿ 8ನೇ ತರಗತಿಯ ಮಕ್ಕಳಿಗೆ ಸಿಕ್ಕ ಸೈಕಲ್ಲುಗಳು ಇನ್ನೂ ಅನೇಕ ಮನೆಗಳ ಹಿತ್ತಲಲ್ಲಿವೆ. ಸೀಟು ಏರಿಸಿ, ಬೇರಿಂಗಿಗೆ ಗ್ರೀಸ್ ಹಾಕಿಸಿ, ಅದರಲ್ಲೇ ಕರಾವಳಿಯ ಸಮತಟ್ಟಿನಲ್ಲಿ ಅಡಿಪಾಯ ಹಾಕಬಹುದು. ಅಷ್ಟರಲ್ಲಿ ಈ ಕ್ರೀಡೆ ತನಗೆ ಒಗ್ಗುತ್ತದೆಯೇ ಎಂಬುದೂ ತಿಳಿಯುತ್ತದೆ, ಹಣವೂ ಕೂಡುತ್ತದೆ.

ಗಾಳಿ, ಬೆವರು, ಮುರುಗಲು

ಇಲ್ಲಿ ಬೆಳಗಿನ ಜಾವ ನೆಲದಿಂದ ಕಡಲಿನತ್ತ ತೆಳುಗಾಳಿ. ಬಿಸಿಲೇರಿದ ಮೇಲೆ ದಿಕ್ಕು ಬದಲಾಗಿ ಕಡಲಗಾಳಿ ಶುರುವಾಗುತ್ತದೆ. ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಮಧ್ಯಾಹ್ನಕ್ಕೆ ಅದು ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ. ಹಾಗಾಗಿ ಉದ್ದದ ಸವಾರಿಗೆ ಭಟ್ಕಳದವರು ಬೆಳಿಗ್ಗೆ ಉತ್ತರಕ್ಕೆ ಹೊರಟು, ಗಾಳಿಯನ್ನು ಬೆನ್ನಿಗಿಟ್ಟು ದಕ್ಷಿಣಕ್ಕೆ ಮರಳುವುದು ಲಾಭ. ಬಲ ಬೆಳೆಸುವ ಉದ್ದೇಶವಿದ್ದರೆ ತಿರುಗಾಮುರುಗ ಮಾಡಿ ಎದುರುಗಾಳಿಯಲ್ಲಿ ಮರಳಬಹುದು.

ಸೆಕೆಯದ್ದು ಬೇರೆ ಪರೀಕ್ಷೆ. ಗಾಳಿಯಲ್ಲಿ ತೇವ ತುಂಬಿರುವಾಗ ಬೆವರು ಆರುವುದಿಲ್ಲ; ಆರದ ಬೆವರು ಮೈಯನ್ನು ತಂಪು ಮಾಡುವುದಿಲ್ಲ. ಹೃದಯ ಅದೇ ವೇಗಕ್ಕೆ ಹೆಚ್ಚು ಬಡಿಯಬೇಕಾಗುತ್ತದೆ. ಮಾರ್ಚ್‌ನಿಂದ ಮೇವರೆಗೆ ಬೆಳಿಗ್ಗೆ ಒಂಬತ್ತರೊಳಗೆ ಮನೆ ಸೇರುವಂತೆ ಹೊರಡಬೇಕು. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು, ಅದರಲ್ಲಿ ಸ್ವಲ್ಪ ಉಪ್ಪು, ಸಕ್ಕರೆ. ಒಂದು ಲೀಟರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಎಂಬ ಮನೆಮದ್ದಿನ ಪ್ರಮಾಣ ಸೈಕ್ಲಿಸ್ಟಿಗೂ ಸಲ್ಲುತ್ತದೆ. ಮುರುಗಲು ಹಣ್ಣಿನ ರಸಕ್ಕೆ ಬೆಲ್ಲ, ಉಪ್ಪು ಹಾಕಿ ಬಾಟಲಿಗೆ ತುಂಬಿಕೊಂಡರೆ ಅಂಗಡಿಯ ಪುಡಿ ಪೊಟ್ಟಣ ಬೇಕಿಲ್ಲ.

ಒಂದೂವರೆ ಗಂಟೆ ಮೀರಿದ ಸವಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಶರ್ಕರಪಿಷ್ಟ ಹೊಟ್ಟೆಗೆ ಬೀಳಬೇಕು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇದೆ; ಬೆಲ್ಲದ ಅವಲಕ್ಕಿ ಉಂಡೆ ಜೇಬಿನಲ್ಲಿ ಹಿಡಿಯುತ್ತದೆ. ಮನೆಗೆ ಬಂದ ಮೇಲೆ ಕುಚ್ಚಲಕ್ಕಿ ಗಂಜಿ, ಜೊತೆಗೆ ಮೀನೋ ಮೊಟ್ಟೆಯೋ ಬೇಳೆಯೋ.

ರಸ್ತೆಯ ಎಚ್ಚರ

ಚತುಷ್ಪಥವಾದ ಮೇಲೆ 66ನೇ ಹೆದ್ದಾರಿಯ ವೇಗ ಹೆಚ್ಚಿದೆ. ಅಂಚಿನ ಬಿಳಿ ಗೆರೆಯ ಎಡಕ್ಕೆ ಸವಾರಿ ಮಾಡಬೇಕು, ಎದುರಿಂದ ತಪ್ಪು ದಿಕ್ಕಿನಲ್ಲಿ ಬರುವ ಬೈಕುಗಳನ್ನು ನಿರೀಕ್ಷಿಸಬೇಕು, ಹಗಲಿನಲ್ಲೂ ಹಿಂದಿನ ಕೆಂಪು ದೀಪ ಉರಿಯುತ್ತಿರಬೇಕು. ಮೀನಿನ ಲಾರಿಗಳಿಂದ ಸೋರುವ ನೀರು ತಿರುವುಗಳಲ್ಲಿ ಜಾರುಪಟ್ಟಿ ಎಳೆದಿರುತ್ತದೆ. ಸೇತುವೆಗಳ ಕಬ್ಬಿಣದ ಜೋಡಣೆಗಳು ಮಳೆಯಲ್ಲಿ ಅಷ್ಟೇ ಜಾರುತ್ತವೆ. 70 ಕಿಲೊದ ಸವಾರ 28 ಮಿ.ಮೀ. ಟಯರಿಗೆ 70ರಿಂದ 80 ಪಿಎಸ್‌ಐ ಗಾಳಿ ಹೊಡೆಯುತ್ತಿದ್ದರೆ ಮಳೆಯಲ್ಲಿ ಐದಾರು ಪಿಎಸ್‌ಐ ಕಡಿಮೆ ಮಾಡಿದರೆ ಹಿಡಿತ ಹೆಚ್ಚುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ತಾಲೀಮು ಬೇಡವೇ ಬೇಡ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಇದೇ 66ನೇ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಗಳು ಹೋದವು. ಮಳೆಗಾಲದ ಮೂರು ನಾಲ್ಕು ತಿಂಗಳು ಒಳರಸ್ತೆಗಳ ಸಣ್ಣ ಸವಾರಿಗೆ, ಮನೆಯಲ್ಲಿ ಬಸ್ಕಿ ಮತ್ತು ಬೆನ್ನಿನ ವ್ಯಾಯಾಮಕ್ಕೆ, ಸೈಕಲ್ ಬಿಚ್ಚಿ ಕಟ್ಟುವ ಕೆಲಸಕ್ಕೆ ಸಲ್ಲಲಿ. ಕುಮಟಾದಿಂದ ಬಾಡ, ಕಾಗಾಲದ ಕಡೆಗೆ, ಹೊನ್ನಾವರದಿಂದ ಅಪ್ಸರಕೊಂಡದ ಕಡೆಗೆ ಹೋಗುವ ದಾರಿಗಳಲ್ಲಿ ವಾಹನಗಳ ಕಾಟ ಕಡಿಮೆ.

ಗುರಿ ಎಲ್ಲಿ, ಪಂದ್ಯ ಎಲ್ಲಿ

ಮಳೆ ನಿಂತ ಮೇಲೆ ಶುರುಮಾಡಿದ ತಾಲೀಮಿಗೆ ಜನವರಿ ಫೆಬ್ರುವರಿಯ ಹೊತ್ತಿಗೆ ಒಂದು ಗುರಿ ಬೇಕು. ಫ್ರಾನ್ಸಿನ ಅಡಾಕ್ಸ್ ಕ್ಲಬ್ ಪರಿಸಿಯನ್ ನಿಯಮದಂತೆ ಜಗತ್ತಿನಾದ್ಯಂತ ನಡೆಯುವ ಬ್ರೆವೆ ಎಂಬ ದೂರದ ಸವಾರಿಗಳು ಕರ್ನಾಟಕದಲ್ಲೂ ನಡೆಯುತ್ತವೆ. ಇಲ್ಲಿ ಮೊದಲು ಬಂದವರು, ಕೊನೆಗೆ ಬಂದವರು ಎಂಬ ಭೇದವಿಲ್ಲ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ಅಷ್ಟರೊಳಗೆ ಮುಗಿಸಿದರೆ ಆಯಿತು. ದುಬಾರಿ ಸೈಕಲ್ ಬೇಕೆಂಬ ಷರತ್ತೂ ಇಲ್ಲ. ಕುಮಟಾದಿಂದ ಹೊನ್ನಾವರ, ಭಟ್ಕಳ ದಾಟಿ ಕುಂದಾಪುರಕ್ಕೆ ಹೋಗಿ ಮರಳಿದರೆ ಹತ್ತಿರ ಹತ್ತಿರ 200 ಕಿ.ಮೀ. ಆಗುತ್ತದೆ, ತಯಾರಿಯ ಪರೀಕ್ಷೆಗೆ ಅದೇ ಸಾಕು.

ರೇಸಿನ ಹಾದಿ ಬೇರೆ. ಬೆಂಗಳೂರಿನ ನವೀನ್ ಜಾನ್ 2016ರಲ್ಲಿ ಕತಾರಿನ ದೋಹಾದಲ್ಲಿ ವಿಶ್ವ ರಸ್ತೆ ಚಾಂಪಿಯನ್‌ಷಿಪ್ಪಿನ ಟೈಮ್ ಟ್ರಯಲ್ ಓಡಿದರು. ಆದರೆ ರಾಜ್ಯದ ಸೈಕ್ಲಿಂಗಿನ ಬೇರು ಇರುವುದು ಉತ್ತರದಲ್ಲಿ. ವಿಜಯಪುರ, ಬಾಗಲಕೋಟೆ, ಬೆಳಗಾವಿ, ಗದಗ ಭಾಗದ ಹಳ್ಳಿಗಳಿಂದ ರಾಷ್ಟ್ರೀಯ ಮಟ್ಟದ ಸವಾರರು ಸಾಲುಸಾಲಾಗಿ ಬಂದಿದ್ದಾರೆ. ಕ್ರೀಡಾ ಇಲಾಖೆಯ ಸೈಕ್ಲಿಂಗ್ ವಸತಿನಿಲಯ ವಿಜಯಪುರದಲ್ಲಿದೆ. ರಾಮದುರ್ಗ ತಾಲ್ಲೂಕಿನ ಚಂದರಗಿ ಕ್ರೀಡಾಶಾಲೆಯಲ್ಲೂ ಸೈಕಲ್ ತರಬೇತಿಯಿದೆ. ಅದಕ್ಕೂ ಮೊದಲಿನ ಮೆಟ್ಟಿಲು ಊರ ಜಾತ್ರೆಯ ಸೈಕಲ್ ರೇಸು. ಅಲ್ಲಿ ಗೇರಿನ ಸೈಕಲ್ಲಿಗೆ ಒಂದು ಪಂದ್ಯ, ಗೇರಿಲ್ಲದ ಸೈಕಲ್ಲಿಗೆ ಇನ್ನೊಂದು ಪಂದ್ಯ ಇಡುವ ರೂಢಿಯಿದೆ. ಬಡವರ ಮಗ ಮನೆಯ ಸೈಕಲ್ಲಿನಲ್ಲೇ ಓಡಿ, ಗೆದ್ದು, ಊರವರ ಕಣ್ಣಿಗೆ ಬಿದ್ದು, ಅಲ್ಲಿಂದ ವಸತಿನಿಲಯದ ಆಯ್ಕೆಗೆ ಹೋಗುವ ದಾರಿ ಹೀಗೆ ತೆರೆಯುತ್ತದೆ. ಬಯಲಿನ ಆ ಊರುಗಳಿಗೆ ದೇವಿಮನೆಯಂಥ ಘಟ್ಟ ಇಲ್ಲ. ಆದರೂ ಅವು ಮುಂದಿವೆ.

ಕರಾವಳಿಯ ಮೂರು ತಾಲ್ಲೂಕುಗಳಿಗೆ ಬೇಕಾಗಿರುವುದು ಆ ಮೊದಲ ಮೆಟ್ಟಿಲು. ದಸರಾ ಕಳೆದ ಮೇಲಿನ ಒಂದು ಭಾನುವಾರ, ಬೆಳಿಗ್ಗೆ ಆರರಿಂದ ಎಂಟರವರೆಗೆ, ಹೆದ್ದಾರಿಯಿಂದ ದೂರದ ಹತ್ತು ಕಿ.ಮೀ. ಒಳರಸ್ತೆಗೆ ಪೊಲೀಸರ ಅನುಮತಿ ಪಡೆದು, ಒಂದು ಆಂಬುಲೆನ್ಸ್, ಒಂದು ಗಡಿಯಾರ, ನಾಲ್ಕು ಸ್ವಯಂಸೇವಕರನ್ನು ನಿಲ್ಲಿಸಿದರೆ ಪಂದ್ಯ ನಡೆಸಬಹುದು. ಹುಡುಗಿಯರಿಗೆ, ಹುಡುಗರಿಗೆ ಬೇರೆ ಬೇರೆ ವಿಭಾಗ. ಗೇರಿಲ್ಲದ ಸೈಕಲ್ಲಿಗೆ ಕಡ್ಡಾಯವಾಗಿ ಒಂದು ವಿಭಾಗ. ಹೆಲ್ಮೆಟ್ ಇಲ್ಲದವರಿಗೆ ಅಲ್ಲೇ ಕೊಡಲು ಇಪ್ಪತ್ತು ಹೆಲ್ಮೆಟ್. ಕಾಲೇಜಿನ ದೈಹಿಕ ಶಿಕ್ಷಕರು, ಯುವಕ ಸಂಘಗಳು, ಊರಿನ ಸೈಕಲ್ ಶಾಪಿನವರು ಒಂದೇ ಮೇಜಿನ ಸುತ್ತ ಕೂತರೆ ಈ ಕೆಲಸಕ್ಕೆ ಒಂದು ತಿಂಗಳ ತಯಾರಿ ಸಾಕು. ಮೊದಲ ವರ್ಷ ಮೂವತ್ತು ಮಕ್ಕಳು ಬಂದರೂ ಅವರ ಸಮಯಗಳನ್ನು ಬರೆದಿಟ್ಟುಕೊಂಡು, ಚುರುಕಾದವರ ಹೆಸರನ್ನು ಜಿಲ್ಲಾ ಕ್ರೀಡಾಧಿಕಾರಿಗೆ ತಲುಪಿಸಬೇಕು. ಮುಂದಿನ ವರ್ಷದ ಪಂದ್ಯದ ತಾರೀಕನ್ನು ಅಂದೇ ಘೋಷಿಸಬೇಕು.